ಯಾವ ಊರಿನ ಸೀಟು?

2016ರ ಏಪ್ರಿಲ್‌ನಲ್ಲಿ ನಮ್ಮ ವಸಂತ್ ಕುಂಜ್ ಮನೆಯ ಊಟದ ಮೇಜಿನ ಮೇಲೆ ನನ್ನ ಪ್ರಾಥಮಿಕ ಶಾಲೆಯ ಟಿಸಿ ಬಂದು ಕೂತಿತು. ಆಗ ನನಗೆ ಐವತ್ತಾರು ವರ್ಷ. ಶಿಕಾರಿಪುರ ತಾಲ್ಲೂಕಿನ ಹಳ್ಳಿ ಶಾಲೆಯ ಹಳೇ ದಾಖಲೆ ಪುಸ್ತಕದಿಂದ ಹೆಡ್‌ಮಾಸ್ತರರು ನಕಲು ಮಾಡಿಕೊಟ್ಟದ್ದು. ತಮ್ಮ ನಾಲ್ಕು ಸಲ ಓಡಾಡಿ, ಬಿಇಒ ಆಫೀಸಿನ ಸಹಿ-ಸೀಲು ಹಾಕಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದ. ಈ ವಯಸ್ಸಿನಲ್ಲಿ ಮೂರನೇ ಕ್ಲಾಸು ಪಾಸಾದ ಪುರಾವೆ ಯಾಕೆ ಬೇಕಾಯಿತು ಅಂತೀರಾ? ನನಗಲ್ಲ, ಮಗಳಿಗೆ. ಹತ್ತನೇ ಕ್ಲಾಸಿನ ಪರೀಕ್ಷೆ ಬರೆದು ಕೂತಿದ್ದ ಅವಳು ಡಾಕ್ಟರಾಗಬೇಕೆಂದು ಹಟ ಹಿಡಿದಿದ್ದಳು.

ಊರಲ್ಲಿರುವವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಫೋನಿನಲ್ಲಿ ನಮ್ಮ ಅಣ್ಣ, "ಇನ್ನೂ ಎರಡು ವರ್ಷ ಇದೆಯಲ್ಲೋ, ಆಮೇಲೆ ಒಳ್ಳೇ ಕಾಲೇಜು ನೋಡಿ ಸೇರಿಸು" ಅಂದ. ಕರ್ನಾಟಕದಲ್ಲೇ ಇರುವ ತಂದೆ-ತಾಯಿಗೆ ಆಯ್ಕೆ ಎಂದರೆ ಅದೇ: ಮೈಸೂರೋ ಹುಬ್ಬಳ್ಳಿಯೋ, ಸರ್ಕಾರಿಯೋ ಖಾಸಗಿಯೋ, ಹಾಸ್ಟೆಲ್ ಹೇಗಿದೆ, ಆಸ್ಪತ್ರೆಗೆ ರೋಗಿಗಳು ಬರುತ್ತಾರೋ ಇಲ್ಲವೋ. ಹೊರಗಿರುವ ನಮಗೆ ಕಾಲೇಜಿನ ಮಾತು ಕೊನೆಗೆ. ಮೊದಲ ಪ್ರಶ್ನೆ, ಈ ಮಗು ಯಾವ ರಾಜ್ಯದ್ದು ಅನ್ನೋದು. ಅದು ತೀರ್ಮಾನವಾಗುವುದು ಹನ್ನೆರಡನೇ ಕ್ಲಾಸು ಮುಗಿದ ಮೇಲಲ್ಲ, ಹನ್ನೊಂದಕ್ಕೆ ಶಾಲೆಯ ಫೀಸು ಕಟ್ಟುವ ದಿನ. ಎಷ್ಟೋ ಸಲ ಅದಕ್ಕೂ ಹತ್ತು ವರ್ಷ ಮೊದಲು, ಅಪ್ಪನ ಕೈಗೆ ಟ್ರಾನ್ಸ್‌ಫರ್ ಆರ್ಡರ್ ಬಂದ ದಿನವೇ.

ವಸಂತ್ ಕುಂಜ್ ನೋಡದವರಿಗೆ ಎರಡು ಮಾತು ಹೇಳುತ್ತೇನೆ. ದೆಹಲಿಯ ನೈಋತ್ಯ ಮೂಲೆಯಲ್ಲಿ, ಅರಾವಳಿಯ ಕುರುಚಲು ಕಾಡಿನ ಪಕ್ಕದಲ್ಲಿ ಡಿಡಿಎ ಕಟ್ಟಿದ ಫ್ಲ್ಯಾಟುಗಳ ಬಡಾವಣೆ. ಒಂದು ಕಡೆ ಮೆಹ್ರೌಲಿ, ಇನ್ನೊಂದು ಕಡೆ ಜೆಎನ್‌ಯು, ತಲೆ ಮೇಲೆ ವಿಮಾನ. ಬ್ಯಾಂಕು, ರೈಲ್ವೆ, ಮಂತ್ರಾಲಯ ಅಂತ ದೇಶದ ಎಲ್ಲ ಕಡೆಯಿಂದ ವರ್ಗವಾಗಿ ಬಂದವರು ಇಲ್ಲಿ ತುಂಬ. ಮಹಿಪಾಲಪುರ ದಾಟಿ ಹೆದ್ದಾರಿ ಹಿಡಿದರೆ, ಟ್ರಾಫಿಕ್ ಇಲ್ಲದಿದ್ದರೆ, ಅರ್ಧ ಗಂಟೆಯಲ್ಲಿ ಗುರಗಾಂವ. ಅದು ಹರಿಯಾಣ. ಆ ಗಡಿ ನಮ್ಮ ಕಥೆಯಲ್ಲಿ ಬರುತ್ತದೆ.

ದೆಹಲಿಯ ನಿಯಮ ಕೇಳಲು ಸರಳ. ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ನೂರಕ್ಕೆ 85 ಸೀಟು ದೆಹಲಿ ಕೋಟಾ. ಅದಕ್ಕೆ ಅರ್ಹತೆ, ಹನ್ನೊಂದು ಮತ್ತು ಹನ್ನೆರಡನ್ನು ದೆಹಲಿಯ ಶಾಲೆಯಲ್ಲಿ ಓದಿರಬೇಕು. ಹುಟ್ಟಿದ್ದೆಲ್ಲಿ, ಮನೆಮಾತೇನು ಅಂತ ಯಾರೂ ಕೇಳುವುದಿಲ್ಲ. ಆದರೆ ಶಾಲೆಯ ಗೇಟು ಗಡಿಯಿಂದ ಆಚೆಗಿದ್ದರೆ, ಮನೆ ವಸಂತ್ ಕುಂಜ್‌ನಲ್ಲಿದ್ದರೂ ಆ ಮಗು ದೆಹಲಿಯದಲ್ಲ. ಆ ವರ್ಷ ನನ್ನನ್ನು ಗುರಗಾಂವದ ಶಾಖೆಗೆ ಹಾಕಿದ್ದರು. ಶಾಖೆಯ ಪಕ್ಕದಲ್ಲೇ ಒಳ್ಳೇ ಶಾಲೆ, ಬೆಳಿಗ್ಗೆ ಮಗಳನ್ನು ಕಾರಿನಲ್ಲೇ ಕರೆದುಕೊಂಡು ಹೋಗಬಹುದಿತ್ತು. ಅರ್ಜಿ ಫಾರಂ ಕೂಡ ತಂದಿದ್ದೆ. ಕೋಟಾದ ವಿಷಯ ಹೇಳಿ ಎಚ್ಚರಿಸಿದವರು ಕೆಳಗಿನ ಮನೆಯ ಮಲಯಾಳಿ ನರ್ಸ್ ಒಬ್ಬರು. ಅವರು ಹೇಳದಿದ್ದರೆ ಗತಿಯೇನಿತ್ತೋ.

ಕರ್ನಾಟಕದ ನಿಯಮ ಬೇರೆ. ಒಂದನೇ ತರಗತಿಯಿಂದ ಪಿಯುಸಿವರೆಗೆ ಒಟ್ಟು ಏಳು ವರ್ಷ ರಾಜ್ಯದಲ್ಲಿ ಓದಿರಬೇಕು. ನಾವು ದೆಹಲಿಗೆ ಬಂದದ್ದು 2010ರಲ್ಲಿ, ಮಗಳು ದಾವಣಗೆರೆಯಲ್ಲಿ ನಾಲ್ಕನೇ ಕ್ಲಾಸು ಮುಗಿಸಿದ ಮೇಲೆ. ನಾಲ್ಕು ವರ್ಷದ ಜೊತೆಗೆ ಪಿಯುಸಿಯ ಎರಡು ಸೇರಿಸಿದರೆ ಆರು. ಒಂದು ಕಡಿಮೆ! ಆಗ ಸಿಕ್ಕಿದ್ದು ಇನ್ನೊಂದು ದಾರಿ: ಮಗು ಎರಡೂ ಪಿಯುಸಿ ರಾಜ್ಯದಲ್ಲಿ ಓದಿ, ತಂದೆ ಅಥವಾ ತಾಯಿ ಏಳು ವರ್ಷ ಅಲ್ಲಿ ಓದಿದ್ದರೆ ಆಗುತ್ತದೆ. ಅದಕ್ಕೇ ನನ್ನ ಟಿಸಿ ಬೇಕಾದದ್ದು. ಅದು ಸರಿಹೋಗಬೇಕಾದರೆ ಮಗಳನ್ನು ಎರಡು ವರ್ಷ ಮೈಸೂರಿನಲ್ಲಿ ಅವಳ ಅಜ್ಜಿ ಮನೆಯಲ್ಲಿ ಬಿಡಬೇಕು.

ಬ್ಯಾಂಕಿನವನು ನೋಡಿ, ಒಂದು ಕಾಗದ ಬೇಕು ಅಂದರೆ ಅದರ ಹಿಂದಿನ ಕಾಗದವನ್ನೂ ಹುಡುಕುವ ಚಾಳಿ. ಈ ಬೇಲಿ ಯಾವಾಗಿನಿಂದ ಇದೆ ಅಂತ ಕೆದಕಲು ಶುರುಮಾಡಿದೆ. ಕೆದಕಿದಷ್ಟೂ ನಮ್ಮೂರೇ ಸಿಗುತ್ತಾ ಹೋಯಿತು.

ಡಾಕ್ಟರಾಗಲು ಊರು ಬಿಡುವುದು ಕನ್ನಡದವರಿಗೆ ಹೊಸದಲ್ಲ. ಹಳೇ ಮೈಸೂರಿನ ಹುಡುಗರು ಎಂಬಿಬಿಎಸ್ ಓದಲು ಮದರಾಸಿಗೆ ಹೋಗುತ್ತಿದ್ದರು. ಧಾರವಾಡ, ಬೆಳಗಾವಿಯವರಿಗೆ ಮುಂಬಯಿಯ ಗ್ರಾಂಟ್ ಮೆಡಿಕಲ್ ಕಾಲೇಜು, ಕಲಬುರಗಿ ಕಡೆಯವರಿಗೆ ಹೈದರಾಬಾದು, ಮಂಗಳೂರು-ಬಳ್ಳಾರಿಯವರಿಗೂ ಮದರಾಸೇ. ಒಂದೇ ಭಾಷೆಯ ಜನಕ್ಕೆ ಮೂರು ದಿಕ್ಕಿನಲ್ಲಿ ಮೂರು ಕಾಲೇಜು. ಮೈಸೂರು ಸಂಸ್ಥಾನದ್ದೇ ಮೆಡಿಕಲ್ ಕಾಲೇಜು ಶುರುವಾದದ್ದು 1924ರಲ್ಲಿ, ಅದೂ ಬೆಂಗಳೂರಿನಲ್ಲಿ. ಮೈಸೂರಿಗೆ ಬಂದದ್ದು 1930ರಲ್ಲಿ. 1953ರಲ್ಲಿ ಡಾ. ಟಿ.ಎಂ.ಎ. ಪೈ ಅವರು ಮಣಿಪಾಲದಲ್ಲಿ ಖಾಸಗಿಯಾಗಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದರು, 1955ರಲ್ಲಿ ಬೆಂಗಳೂರಿನದು, 1957ರಲ್ಲಿ ಹುಬ್ಬಳ್ಳಿಯದು ಬಂತು.

1956ರಲ್ಲಿ ರಾಜ್ಯ ಒಂದಾಯಿತು. ಸೀಟು ಒಂದಾಯಿತೇ? ಇಲ್ಲ. ನಮ್ಮ ದೊಡ್ಡಪ್ಪನ ಮಗ, ನಮಗೆಲ್ಲ ಅಣ್ಣಯ್ಯ, ಎಪ್ಪತ್ತರ ದಶಕದ ಆರಂಭದಲ್ಲಿ ಶಿವಮೊಗ್ಗದಲ್ಲಿ ಪಿಯುಸಿ ಮಾಡಿ ಮೈಸೂರು ಮೆಡಿಕಲ್ ಸೇರಿದ. ಅವನ ಜೊತೆ ಶಿಕಾರಿಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತಿದ್ದ ಗೆಳೆಯ, ಸೋದರಮಾವನ ಮನೆಯಿದೆ ಅಂತ ಪಿಯುಸಿಗೆ ಹಾವೇರಿಗೆ ಹೋಗಿದ್ದ. ಅಷ್ಟಕ್ಕೇ ಅವನು ಕರ್ನಾಟಕ ವಿಶ್ವವಿದ್ಯಾಲಯದವನಾಗಿ ಹುಬ್ಬಳ್ಳಿ ಪಾಲಾದ. ಆಗ ಸರ್ಕಾರಿ ಮೆಡಿಕಲ್ ಸೀಟುಗಳನ್ನು ವಿಶ್ವವಿದ್ಯಾಲಯವಾರು ಹಂಚುತ್ತಿದ್ದರು: ಮೈಸೂರು, ಬೆಂಗಳೂರು, ಕರ್ನಾಟಕ ಅಂತ ಮೂರು ಪಾಲು. ಬೇರೆ ವಿಶ್ವವಿದ್ಯಾಲಯದಿಂದ ಬಂದವರಿಗೆ ಹೆಚ್ಚೆಂದರೆ ನೂರಕ್ಕೆ ಇಪ್ಪತ್ತು. ಇದು ಅನ್ಯಾಯ ಅಂತ ಒಬ್ಬ ವಿದ್ಯಾರ್ಥಿನಿ ಸುಪ್ರೀಂ ಕೋರ್ಟಿಗೆ ಹೋದರು. ಡಿ.ಎನ್. ಚಂಚಲಾ ಪ್ರಕರಣ, 1971. ಪದ್ಧತಿ ಸರಿಯಾಗಿಯೇ ಇದೆ ಅಂತ ಕೋರ್ಟು ಹೇಳಿತು. ಹಾವೇರಿಯವನು ಮೈಸೂರಿಗೆ ಹೊರಗಿನವನಾದ ಕಾಲ ಅದು. ಎರಡೂ ಊರಿನ ನಡುವೆ ಬಸ್ಸಿನಲ್ಲಿ ಎರಡು-ಮೂರು ಗಂಟೆ ಮಾತ್ರ ದೂರವಿದ್ದ ಇವರಿಬ್ಬರಿಗೇ ಹೀಗಾದರೆ, ದೆಹಲಿಯಲ್ಲಿ ಕೂತ ನನ್ನ ಗೊಣಗಾಟಕ್ಕೆ ಏನು ಬೆಲೆ?

ದೆಹಲಿಯ ಹುಡುಗನ ಗೊಣಗಾಟವೂ ಕೋರ್ಟಿಗೆ ಹೋದದ್ದುಂಟು, ಅದೂ ನನಗಿಂತ ಅರವತ್ತು ವರ್ಷ ಮೊದಲು. ಡಿ.ಪಿ. ಜೋಷಿ ಎಂಬ ದೆಹಲಿ ನಿವಾಸಿ 1952ರಲ್ಲಿ ಇಂದೂರಿನ ಮಹಾತ್ಮ ಗಾಂಧಿ ಮೆಮೋರಿಯಲ್ ಮೆಡಿಕಲ್ ಕಾಲೇಜಿಗೆ ಸೇರಿದರು. ಆಗಿನ ಮಧ್ಯ ಭಾರತ ರಾಜ್ಯದ ನಿವಾಸಿಗಳಿಗೆ ಇಲ್ಲದ ಒಂದು ಹೆಚ್ಚುವರಿ ಶುಲ್ಕ ಹೊರಗಿನವರಿಗೆ ಇತ್ತು, ವರ್ಷಕ್ಕೆ 1,500 ರೂಪಾಯಿ. ಹೆಸರು ಕ್ಯಾಪಿಟೇಶನ್ ಫೀ. ಈ ಪದ ನಮ್ಮ ಕರ್ನಾಟಕದ್ದೇ ಅಂದುಕೊಂಡಿದ್ದೆ. ನೋಡಿದರೆ ಇಂದೂರಿನ ಸರ್ಕಾರಿ ನಿಯಮದಲ್ಲೇ ಆಗಲೇ ಇತ್ತು! ಹುಟ್ಟಿದ ಸ್ಥಳದ ಆಧಾರದ ಮೇಲೆ ಭೇದ ಮಾಡಬಾರದು ಎಂದು ಸಂವಿಧಾನ ಹೇಳುತ್ತದಲ್ಲ ಅಂತ ಅವರ ವಾದ. 1955ರ ಜನವರಿಯಲ್ಲಿ ತೀರ್ಪು ಬಂತು. ಹುಟ್ಟಿದ ಸ್ಥಳ ಬೇರೆ, ವಾಸದ ಸ್ಥಳ ಬೇರೆ. ವಾಸ ನೋಡಿ ಭೇದ ಮಾಡಿದರೆ ತಪ್ಪಿಲ್ಲ ಎಂದು ಹೆಚ್ಚಿನ ನ್ಯಾಯಮೂರ್ತಿಗಳು ಹೇಳಿದರು. ಒಬ್ಬರು ಮಾತ್ರ ಒಪ್ಪಲಿಲ್ಲ. ನನ್ನ ಮೇಜಿನ ಮೇಲಿದ್ದ ಟಿಸಿಯ ತಾತ ಈ ತೀರ್ಪು.

ಮುಂದಿನ ಅಧ್ಯಾಯವನ್ನು ನಾನು ಕೌಂಟರಿನ ಒಳಗಿನಿಂದ ಕಂಡಿದ್ದೇನೆ. ಎಂ.ಕಾಂ ಮುಗಿಸಿ ಬ್ಯಾಂಕಿಗೆ ಸೇರಿದ ಹೊಸದರಲ್ಲಿ, ಎಂಬತ್ತರ ದಶಕದಲ್ಲಿ, ಕಾಲೇಜುಗಳಿದ್ದ ಒಂದು ಪಟ್ಟಣದ ಶಾಖೆಯಲ್ಲಿದ್ದೆ. ಜೂನ್-ಜುಲೈ ಬಂತೆಂದರೆ ಪಂಜಾಬು, ದೆಹಲಿ, ಗುಜರಾತಿನ ಅಪ್ಪಂದಿರು ಬರೋರು. ಸಫಾರಿ ಸೂಟು, ಕೈಯಲ್ಲಿ ಬ್ರೀಫ್‌ಕೇಸು, ಪಕ್ಕದಲ್ಲಿ ತಲೆತಗ್ಗಿಸಿದ ಮಗ. ದೂರದ ಶಾಖೆಯ ಡ್ರಾಫ್ಟು ತಂದು, "ಇವತ್ತೇ ಪೇಮೆಂಟ್ ಆಗಬೇಕು ಸಾಬ್, ನಾಳೆ ಸೀಟು ಹೋಗತ್ತೆ" ಅಂತ ಅಂಗಲಾಚುವರು. ರಸೀದಿ ಇರುವ ಹಣ ಡ್ರಾಫ್ಟಿನಲ್ಲಿ, ರಸೀದಿ ಇಲ್ಲದ ಹಣ ನೋಟಿನಲ್ಲಿ. ಅದೇ ಹೊತ್ತಿನಲ್ಲಿ ಕ್ಯಾಪಿಟೇಶನ್ ನಿಷೇಧಿಸುವ ಕಾನೂನನ್ನೂ ರಾಜ್ಯ ತಂದಿತ್ತು, 1984ರಲ್ಲಿ! ನಾನು ನೋಟು ಎಣಿಸಿ ಕೊಟ್ಟೆ. ಅದು ನನ್ನ ಕೆಲಸ. ಅವರನ್ನು ನೋಡಿ ಒಳಗೊಳಗೇ ನಗುತ್ತಲೂ ಇದ್ದೆ, ಈ ಉತ್ತರದವರಿಗೆ ತಮ್ಮೂರಲ್ಲಿ ಕಾಲೇಜು ಇಲ್ಲವೇ ಅಂತ. ಮೂವತ್ತು ವರ್ಷದ ಮೇಲೆ ನಾನೇ ಆ ಜಾಗದಲ್ಲಿ ನಿಲ್ಲುತ್ತೇನೆ ಅಂತ ಆಗ ಗೊತ್ತಿರಲಿಲ್ಲ.

1989ರಲ್ಲಿ ಕರ್ನಾಟಕ ಸರ್ಕಾರವೇ ಖಾಸಗಿ ಮೆಡಿಕಲ್ ಕಾಲೇಜುಗಳಿಗೆ ಫೀಸು ಗೊತ್ತುಮಾಡಿತು: ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಇತರ ವಿದ್ಯಾರ್ಥಿಗಳಿಗೆ 25,000, ಕರ್ನಾಟಕದ ಹೊರಗಿನ ಭಾರತೀಯರಿಗೆ 60,000. ದೆಹಲಿಗೆ ಹತ್ತಿರದ ಮೀರತ್ತಿನ ಮೋಹಿನಿ ಜೈನ್ ತುಮಕೂರಿನ ಒಂದು ಖಾಸಗಿ ಕಾಲೇಜಿಗೆ ಅರ್ಜಿ ಹಾಕಿದಾಗ ಕೇಳಿದ್ದು ಮೊದಲ ವರ್ಷದ 60,000 ಮತ್ತು ಉಳಿದ ವರ್ಷಗಳ ಫೀಸಿಗೆ ಬ್ಯಾಂಕ್ ಗ್ಯಾರಂಟಿ. ಬ್ಯಾಂಕ್ ಗ್ಯಾರಂಟಿ ಅನ್ನೋದು ಕಂಟ್ರಾಕ್ಟರುಗಳು ಸೇತುವೆ ಕಟ್ಟುವಾಗ ಕೊಡುವ ವಸ್ತು. ಹುಡುಗಿ ಓದಲು ಕೊಡುವುದಲ್ಲ. ಅಷ್ಟು ಕೊಡುವ ಶಕ್ತಿ ಅಪ್ಪನಿಗಿರಲಿಲ್ಲ. ಸುಪ್ರೀಂ ಕೋರ್ಟು 1992ರ ಜುಲೈ 30ರಂದು ಕ್ಯಾಪಿಟೇಶನ್ ಶುಲ್ಕ ಸಂವಿಧಾನಕ್ಕೆ ವಿರುದ್ಧ ಎಂದು ತೀರ್ಪು ಕೊಟ್ಟಿತು. ಪತ್ರಿಕೆಗಳೆಲ್ಲ ಹೊಗಳಿದವು. ಆದರೆ ಆಕೆಗೆ ಆ ಸೀಟು ಕೊಡಿಸಲಿಲ್ಲ. ಕೋರ್ಸು ಹಿಂದಿನ ವರ್ಷವೇ ಶುರುವಾಗಿತ್ತು, ಮೆರಿಟ್‌ನಲ್ಲಿ ಬಂದವರೂ ಅಲ್ಲ ಎಂದಿತು. ಕೇಸು ಗೆದ್ದರೂ ಸೀಟು ಸಿಗಲಿಲ್ಲ. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಬಂದು, ಖಾಸಗಿ ಕಾಲೇಜಿನ ಅರ್ಧ ಸೀಟು ಮೆರಿಟ್‌ಗೆ ಎಂದಾಯಿತು. ಅದರ ಫಲವಾಗಿ 1994ರಿಂದ ನಮ್ಮಲ್ಲಿ ಸಿಇಟಿ ಶುರುವಾದದ್ದು ನಿಮಗೆಲ್ಲ ಗೊತ್ತೇ ಇದೆ. ಎಷ್ಟೋ ಬಡ ಮೇಷ್ಟರ ಮಕ್ಕಳು ಸಿಇಟಿಯಿಂದಲೇ ಡಾಕ್ಟರಾದರು. ಈಗಿನವರು ಅದನ್ನು ಮರೆತುಬಿಡುತ್ತಾರೆ.

ಬೇಲಿಯಲ್ಲಿ ಒಂದು ದಿಡ್ಡಿ ಬಾಗಿಲು ತೆರೆದದ್ದು 1984ರ ಪ್ರದೀಪ್ ಜೈನ್ ಪ್ರಕರಣ. ನ್ಯಾಯಮೂರ್ತಿ ಭಗವತಿಯವರು ದೇಶಕ್ಕೆಲ್ಲ ಒಂದೇ ಡೊಮಿಸೈಲ್ ಎಂಬ ನೆಲೆಯಿಂದ ಹೊರಟು, ಎಂಬಿಬಿಎಸ್ ಸೀಟಿನಲ್ಲಿ ಸ್ಥಳೀಯರಿಗೆ ಎಷ್ಟಾದರೂ ಕೊಡಿ, ಆದರೆ ಎಪ್ಪತ್ತಕ್ಕೆ ಮೇಲೆ ಬೇಡ ಎಂದರು. ರಾಜ್ಯಗಳ ಆಕ್ಷೇಪಣೆಯ ನಂತರ 1986ರಲ್ಲಿ ಅದು ಇಳಿದು, ನೂರಕ್ಕೆ 15 ಸೀಟು ಅಖಿಲ ಭಾರತ ಕೋಟಾ ಅಂತ ನಿಂತಿತು. 1988ರಿಂದ ಸಿಬಿಎಸ್‌ಇ ಅದಕ್ಕೆ ಪರೀಕ್ಷೆ ನಡೆಸಿತು. ಅಪ್ಪನ ಟಿಸಿ, ಏಳು ವರ್ಷದ ಲೆಕ್ಕ ಯಾವುದೂ ಬೇಡದ ಸೀಟು ಎಂದರೆ ಈ ಹದಿನೈದು. ಅದು ಬಿಟ್ಟರೆ ಏಮ್ಸ್‌ನಂಥ ಕೆಲವು ಕೇಂದ್ರ ಸಂಸ್ಥೆಗಳದು. ನಮ್ಮ ಮನೆಯಿಂದ ಏಮ್ಸ್ ಹತ್ತು-ಹನ್ನೆರಡು ಕಿಲೋಮೀಟರ್. ದೆಹಲಿಯ ಮಕ್ಕಳಿಗೆ ಅದು ದಿನಾ ಬಸ್ಸಿನ ಕಿಟಕಿಯಲ್ಲಿ ಕಾಣುವ ಸ್ವರ್ಗ.

ಮೇಜಿನ ಮೇಲಿನ ಟಿಸಿಗೆ ವಾಪಸು ಬರೋಣ. ಅದೇ 2016ರ ಏಪ್ರಿಲ್ 11ರಂದು ಸುಪ್ರೀಂ ಕೋರ್ಟು, 2013ರಲ್ಲಿ ತಾನೇ ರದ್ದು ಮಾಡಿದ್ದ ನೀಟ್ ಪರೀಕ್ಷೆಗೆ ಮತ್ತೆ ಜೀವ ಕೊಟ್ಟಿತು. ತಿಂಗಳ ಕೊನೆಗೆ, ಈ ವರ್ಷವೇ ನಡೆಯಲಿ ಎಂದಿತು. ಮೇ 24ಕ್ಕೆ ಸುಗ್ರೀವಾಜ್ಞೆ ಬಂದು, ರಾಜ್ಯಗಳಿಗೆ ಆ ಒಂದು ವರ್ಷ ವಿನಾಯಿತಿ ಸಿಕ್ಕಿತು. ಹೀಗೆ ವಾರಕ್ಕೊಂದು ಸುದ್ದಿ ಬರುತ್ತಿದ್ದಾಗ ನಾನು ಮಗಳನ್ನು ಎಲ್ಲಿ ಓದಿಸಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಮೈಸೂರಿನಿಂದ ನಮ್ಮತ್ತೆ, "ಕಳ್ಸಿ, ನಾನು ನೋಡ್ಕೋತೀನಿ" ಅಂದರು. ನನ್ನಾಕೆಗೆ ಮಗಳನ್ನು ಬಿಡಲು ಇಷ್ಟವಿಲ್ಲ. 1916ರಿಂದ ಹೆಣ್ಣುಮಕ್ಕಳಿಗಾಗಿಯೇ ಇರುವ ಲೇಡಿ ಹಾರ್ಡಿಂಜ್ ಕಾಲೇಜು ಇಲ್ಲೇ ಕನಾಟ್ ಪ್ಲೇಸ್ ಪಕ್ಕದಲ್ಲಿರುವಾಗ ಮೈಸೂರು ಯಾಕೆ ಅಂತ ಅವಳ ವಾದ. ನಾನು ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ ಬರೆದೆ. ಮಗಳು ಆ ಹಾಳೆ ನೋಡಿ, "ಅಪ್ಪಾ, ಇದು ಸಾಲದ ಅರ್ಜಿ ಥರಾ ಇದೆ" ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, "ಎರಡು ವರ್ಷ ನಿಮ್ಮನ್ನ ಬಿಟ್ಟು ಹೋಗಿ, ಕೊನೆಗೆ ಸೀಟೂ ಸಿಗದಿದ್ರೆ?" ಅಂದಳು. ಅದಕ್ಕೆ ನನ್ನ ಯಾವ ಕಾಲಂನಲ್ಲೂ ಉತ್ತರ ಇರಲಿಲ್ಲ. ಅವಳು ದೆಹಲಿಯಲ್ಲೇ ಉಳಿದಳು. ಗುರಗಾಂವದ ಫಾರಂ ಹರಿದುಹಾಕಿದೆ. ಟಿಸಿ ಫೈಲಿಗೆ ಹೋಯಿತು.

ಇನ್ನೊಂದು ದಾರಿ ಉಳಿದಿತ್ತು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ನಿಯಮದಲ್ಲಿ ಹೊರನಾಡ ಕನ್ನಡಿಗರು, ಗಡಿನಾಡ ಕನ್ನಡಿಗರು ಅಂತ ವರ್ಗಗಳಿವೆ. ಮನೆಮಾತು ಕನ್ನಡವೋ ತುಳುವೋ ಕೊಡವವೋ ಆಗಿರಬೇಕು, ಮತ್ತು ಬೆಂಗಳೂರಿಗೆ ಬಂದು ಒಂದು ಕನ್ನಡ ಪರೀಕ್ಷೆ ಬರೆಯಬೇಕು, ನಾಲ್ಕನೇ ತರಗತಿಯ ಮಟ್ಟದ್ದು. ಕಾಸರಗೋಡಿನಿಂದ, ಅಕ್ಕಲಕೋಟೆ-ಜತ್ತದ ಕಡೆಯಿಂದ ಬರುವ ಮಕ್ಕಳಿಗೆ ಇದು ನಿಜವಾದ ಆಸರೆ. ನಮ್ಮ ಮಗಳಿಗೆ ಮಾತ್ರ ಸಿಟ್ಟು ಬಂತು. "ನಾನು ಕನ್ನಡದವಳು ಅಂತ ಪರೀಕ್ಷೆ ಬರೆದು ತೋರಿಸಬೇಕಾ?" ಅಂದಳು. ನಾನು ಸುಮ್ಮನೆ ಒಂದು ವಾಕ್ಯ ಉಕ್ತಲೇಖನ ಕೊಟ್ಟೆ. ಒತ್ತಕ್ಷರಗಳೆಲ್ಲ ಮಾಯ, 'ಹಳ್ಳಿ' ಹೋಗಿ 'ಹಳಿ' ಆಗಿತ್ತು. ಮನೆಯಲ್ಲಿ ಕನ್ನಡ ಮಾತಾಡಿದರೆ ಸಾಕು ಅಂದುಕೊಂಡು ಏಳು ವರ್ಷ ಕಳೆದಿದ್ದೆವು. ತಪ್ಪು ಅವಳದಲ್ಲ.

ತಮ್ಮ ನಾಲ್ಕನೇ ತರಗತಿಯ ಪಠ್ಯಪುಸ್ತಕ ಕಳಿಸಿದ. ಮೂರು ತಿಂಗಳು, ಭೌತಶಾಸ್ತ್ರ-ಜೀವಶಾಸ್ತ್ರದ ನಡುವೆ ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಕನ್ನಡ. 2018ರ ಏಪ್ರಿಲ್‌ನಲ್ಲಿ ನಾನೇ ಬೆಂಗಳೂರಿಗೆ ಕರೆದುಕೊಂಡು ಹೋಗಿ ಬರೆಸಿದೆ. ನೀಟ್ ಇದ್ದದ್ದು ಮೇ 6ಕ್ಕೆ. ಅಷ್ಟು ಹತ್ತಿರ ಇಟ್ಟುಕೊಂಡು ನಾಲ್ಕು ದಿನ ಹಾಳುಮಾಡಿದೆ ಅಂತ ನನ್ನಾಕೆ ಒಂದು ವಾರ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ. ಅವಳ ಸಿಟ್ಟು ನ್ಯಾಯವಾದದ್ದೇ. ಆ ವರ್ಷ ನೀಟ್‌ಗೆ ಹೆಸರು ಕೊಟ್ಟವರು 13 ಲಕ್ಷಕ್ಕೂ ಹೆಚ್ಚು. ಒಂದೊಂದು ಅಂಕಕ್ಕೆ ಸಾವಿರಾರು ಜನ ಹಿಂದೆ ಮುಂದೆ ಆಗುವ ಪರೀಕ್ಷೆ ಅದು.

ಫಲಿತಾಂಶ ಬಂದಾಗ ಏಮ್ಸ್, ಲೇಡಿ ಹಾರ್ಡಿಂಜ್ ಎರಡೂ ಕೈಗೆಟುಕಲಿಲ್ಲ. ಉಳಿದದ್ದು ಎರಡು. ದೆಹಲಿ ಕೋಟಾದಲ್ಲಿ ರೋಹಿಣಿಯಲ್ಲಿ 2016ರಲ್ಲಿ ಶುರುವಾಗಿದ್ದ ಸರ್ಕಾರಿ ಕಾಲೇಜು ಸಿಗುವ ಸಂಭವ. ಅಖಿಲ ಭಾರತ ಕೋಟಾದ ಮೊದಲ ಸುತ್ತಿನಲ್ಲಿ ಸಿಕ್ಕೇಬಿಟ್ಟದ್ದು, ಮೈಸೂರು ಮೆಡಿಕಲ್ ಕಾಲೇಜು! ಅಣ್ಣಯ್ಯ ಓದಿದ ಕಾಲೇಜು. ನನ್ನ ಟಿಸಿ, ಅವಳ ಕನ್ನಡ ಪರೀಕ್ಷೆ ಯಾವುದನ್ನೂ ಯಾರೂ ಕೇಳಲಿಲ್ಲ. ಅವಳ ಪ್ರವೇಶಪತ್ರದಲ್ಲಿ ಅವಳು ಹೊರಗಿನಿಂದ ಬಂದ ಹದಿನೈದರಲ್ಲಿ ಒಬ್ಬಳು. ಅಮ್ಮನ ತವರಿಗೆ ಪರದೇಶಿಯ ಪಾಸಿನಲ್ಲಿ ಹೋದ ಹಾಗೆ.

ರೋಹಿಣಿಯಾದರೆ ಮನೆಯಿಂದಲೇ ಓಡಾಡಬಹುದಿತ್ತು, ದಿನಾ ಮೂರು ಗಂಟೆ ಮೆಟ್ರೋದಲ್ಲಿ. ಈ ಸಲ ಕಾಲಂ ಹಾಕಿದವಳು ಮಗಳೇ. ಅಣ್ಣಯ್ಯನಿಗೆ ಫೋನು ಮಾಡಿ ಕೇಳಿದಳು. ಅವನು ಕಟ್ಟಡ, ರ‍್ಯಾಂಕು ಏನೂ ಹೇಳಲಿಲ್ಲವಂತೆ. "ಕೆ.ಆರ್. ಆಸ್ಪತ್ರೆ ವಾರ್ಡಿನಲ್ಲಿ ಮಂಚ ಸಾಲದೆ ಜನ ನೆಲದ ಮೇಲೂ ಮಲಗಿರ್ತಿದ್ರು ಪುಟ್ಟಿ. ನಾವು ಕಲಿತಿದ್ದೆಲ್ಲ ಅವರಿಂದಲೇ" ಅಂದನಂತೆ. ಅವಳು ಮೈಸೂರಿಗೆ ಹೋದಳು. ಅಜ್ಜಿ ಮನೆಯಲ್ಲಲ್ಲ, ಹಾಸ್ಟೆಲಿನಲ್ಲಿ.

ಮಂಡ್ಯದ ಹುಡುಗರು ಅವಳಿಗೆ "ದಿಲ್ಲಿ" ಅಂತ ಹೆಸರಿಟ್ಟರು. ರಾಜಸ್ಥಾನದ, ಕೇರಳದ ಹುಡುಗಿಯರಿಗೆ ಅವಳು "ಹಾಫ್ ಲೋಕಲ್". ಎರಡನೇ ವರ್ಷ ವಾರ್ಡಿಗೆ ಹೋಗಲು ಶುರುವಾದ ಮೇಲೆ ಫೋನುಗಳು ಬಂದವು. "ಅಪ್ಪಾ, ಜೋಮು ಅಂದ್ರೆ ನಂಬ್‌ನೆಸ್ ತಾನೇ? ಚಳುಕು ಅಂದ್ರೆ?" ನಂಜನಗೂಡಿನ ಕಡೆಯ ಒಬ್ಬ ಅಜ್ಜಿ "ಪಕ್ಕೆ ಹಿಡ್ಕಂಡದೆ ಕಣವ್ವ" ಅಂದದ್ದಕ್ಕೆ ಇವಳು ಜೊತೆಯ ನಾಲ್ವರಿಗೆ ಇಂಗ್ಲಿಷಿನಲ್ಲಿ ಹೇಳಿ, ಅವರ ಪ್ರಶ್ನೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಿ, ಬೆಳಗಿನ ಅರ್ಧ ದುಭಾಷಿಯ ಕೆಲಸದಲ್ಲೇ ಕಳೆಯುತ್ತಿದ್ದಳಂತೆ. ಕೇಸ್ ಶೀಟಿನ ಮೂಲೆಯಲ್ಲಿ ರೋಗಿಯ ಊರಿನ ಹೆಸರನ್ನು ಕನ್ನಡದಲ್ಲಿ ಬರೆದ ಫೋಟೋ ಒಂದು ಸಲ ಕಳಿಸಿದಳು. ಒತ್ತಕ್ಷರ ಸರಿಯಾಗಿತ್ತು.

2020ರ ಮಾರ್ಚಿನಲ್ಲಿ ಕೋವಿಡ್ ಬಂದು ಹಾಸ್ಟೆಲ್ ಖಾಲಿಯಾದಾಗ ವಸಂತ್ ಕುಂಜ್‌ಗೆ ಬಂದು, ಅದೇ ಊಟದ ಮೇಜಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪಾಠ ಕೇಳಿದಳು. ನಾನೂ ಆ ವರ್ಷವೇ ನಿವೃತ್ತನಾದೆ.

ಈಗ ನಮ್ಮ ಬ್ಲಾಕಿನ ಕನ್ನಡದವರಿಗೆ ನಾನು ಒಂದು ಥರ ಸೀಟು ಶಾಸ್ತ್ರಿ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಪಿ.ಜಿ. ಮೆಡಿಕಲ್ ಸೀಟುಗಳಲ್ಲಿ ವಾಸಸ್ಥಳದ ಮೀಸಲಾತಿ ಸಲ್ಲದು ಎಂದು ತೀರ್ಪು ಕೊಟ್ಟಾಗ ನಾಲ್ಕು ಮನೆಯಿಂದ ಫೋನು ಬಂತು, ಎಲ್ಲ ಬೇಲಿಯೂ ಹೋಯಿತಾ ಅಂತ. ಇಲ್ಲ, ಎಂಬಿಬಿಎಸ್‌ಗೆ ಇದ್ದದ್ದು ಹಾಗೇ ಇದೆ, ಅಂದೆ. ಹೋಗಬೇಕು ಅಂತ ನನಗೂ ಅನಿಸುವುದಿಲ್ಲ. ರಾಯಚೂರಿನ ಹುಡುಗ ಕೋಟಾದ ಕೋಚಿಂಗ್ ಹುಡುಗನ ಎದುರು ಓಡಬೇಕಾದರೆ ಅವನಿಗೆ ಊರಿನ ಸೀಟು ಬೇಕೇ ಬೇಕು. ಅದು ಬೇರೆ. ಊರು ಯಾವುದು ಅಂತ ಹೇಗೆ ಗೊತ್ತುಮಾಡುತ್ತಾರೆ ಅನ್ನೋದರಲ್ಲಿ ನನ್ನ ತಕರಾರು.

ಹೋದ ತಿಂಗಳು ಹುಬ್ಬಳ್ಳಿ ಕಡೆಯ ಒಂದು ಕುಟುಂಬ ಬಂದಿತ್ತು. ಅಪ್ಪ ಗುರಗಾಂವದ ಕಂಪನಿಯಲ್ಲಿದ್ದಾರೆ, ಮಗಳು ಹತ್ತು ಮುಗಿಸಿದ್ದಾಳೆ, ಡಾಕ್ಟರ್ ಆಗಬೇಕಂತೆ. "ಸರ್, ಯಾವ ಕಾಲೇಜು ಚಲೋ ಅದ?" ಅಂತ ಕೇಳಿದರು. ನಾನು, "ಹನ್ನೊಂದಕ್ಕೆ ಹಾಕ್ತಿರೋ ಶಾಲೆ ಗಡಿಯಿಂದ ಈಚೆಗಿದೆಯಾ, ಆಚೆಗಿದೆಯಾ?" ಅಂದೆ. ಬಸ್ಸಿನ ಅನುಕೂಲ ಕೇಳುತ್ತಿದ್ದೇನೆ ಅಂದುಕೊಂಡು, "ಆಚೆಗೆ ಸರ್, ಮನೀ ಮುಂದ ಪಿಕಪ್ ಅದ, ತೊಂದ್ರಿ ಇಲ್ಲ" ಅಂದರು. ನನ್ನಾಕೆ ಚಹಾ ತಂದಳು. ನಾನು ಫೈಲು ತೆಗೆದೆ. ಹುಡುಗಿಯ ಕೈಗೆ ಮೊದಲು ಕೊಟ್ಟದ್ದು, ಅದರ ತಳದಲ್ಲಿದ್ದ ನಾಲ್ಕನೇ ತರಗತಿಯ ಕನ್ನಡ ಪುಸ್ತಕ.